ಆ ಎರಡು ಗುಡ್ಡ ಅಳಿಸ್ರಿ

ಹೋದ ಸಲ ಮೆಂತೆ ಹಿಟ್ಟಿನ ಬಗ್ಗೆ ಬರದಾಗ ಎಲ್ಲಾರೂ ಛೊಲೊ ಬರದಿ ಅಂದ್ರಿ. ಈ ಸಲ ಅನ್ನಂಗಿಲ್ಲ ಅಂತ ನನಗ ಗೊತ್ತದ. ಯಾಕಂದ್ರ ಈ ಸಲ ನಾ ಜಗಳಾ ತಗದೇನಿ, ಅದೂ ನಿಮ್ಮ ಜೋಡಿನ. ನನ್ನ ಜೋಡಿನೂ.

ಜಗಳ ಒಂದು ಚಿತ್ರದ ಮ್ಯಾಲೆ. ಯಾವ ಚಿತ್ರ ಅಂತ ಕೇಳಬ್ಯಾಡ್ರಿ, ನಿಮಗೆಲ್ಲಾ ಕಣ್ಣು ಮುಚ್ಚಿಕೊಂಡು ತಗೀಲಿಕ್ಕೆ ಬರೂ ಚಿತ್ರನ ಅದು. ಎರಡು ಮೂರುಮೂಲಿ ಗುಡ್ಡ. ನಡುವ ಅರ್ಧಾ ಸೂರ್ಯ, ಸುತ್ತ ಕಡ್ಡಿ ಕಡ್ಡಿ ಕಿರಣ. ಗುಡ್ಡದ ಸಂದಿನಿಂದ ಒಂದು ನದಿ ಹಾವಿನಂಗ ಹರಕೋತ ಬಂದು ಹಾಳಿ ತುದಿಗೆ ಬಿದ್ದು ಹೋಗ್ತದ. ಬಲಕ್ಕೊಂದು ಗುಡಸಲ, ಅದರ ಬಾಜೂಕ ತೆಂಗಿನ ಗಿಡ. ಮುಗಲಾಗ ಇಂಗ್ಲಿಷಿನ ವಿ ಅಕ್ಷರದಂಥ ನಾಕು ಹಕ್ಕಿ. ಇದಕ್ಕ 'ಸೀನರಿ' ಅಂತ ಹೆಸರು. ನನಗ ನಮ್ಮ ಅವ್ವ ಕಲಿಸಿದ್ಲು, ಅಕಿಗೆ ಯಾರು ಕಲಿಸಿದ್ರೋ. ನಾ ನನ್ನ ಮಗಳಿಗೆ ಕಲಿಸಿದೆ. ಉಪ್ಪಿನಕಾಯಿ ಭರಣಿಯಂಗ ಒಬ್ಬರ ಕೈಯಿಂದ ಒಬ್ಬರ ಕೈಗೆ ಬಂದ ಚಿತ್ರ. ಉಪ್ಪಿನಕಾಯಿಯರೆ ಪ್ರತಿ ವರ್ಷ ಹೊಸಾ ಮಾವಿನಕಾಯಿ ಕಾಣ್ತದ. ಈ ಚಿತ್ರ ಹೊಸಾದು ಏನೂ ಕಾಣದ ಮೂರು ತಲಿ ದಾಟೇದ.

ಆದದ್ದು ಏನಂದ್ರ, ಈ ಸಲ ಎಳ್ಳ ಅಮಾಸಿಗೆ ಚರಗ ಚೆಲ್ಲಲಿಕ್ಕೆ ಡಂಬಳದ ಕಡೆ ಇರೂ ನಮ್ಮ ಅತ್ತಿಮನಿ ಹೊಲಕ್ಕ ಹೋಗಿದ್ವಿ. ನಿಮ್ಮಾಗ ನಾಕು ಮಂದಿ ಬಂದಿದ್ರಿ, ಹಿಂಗಾಗಿ ಸುಳ್ಳ ಬರಿಲಿಕ್ಕೆ ಸಾಧ್ಯ ಇಲ್ಲ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಕಡುಬು ಎಲ್ಲಾ ಆಗಿ ಹೆಂಗಸರು ಗಿಡದ ಬುಡಕ ಅಡ್ಡಾದ್ವಿ. ಗಂಡಸರು ಮೊದಲ ಅಡ್ಡಾಗಿದ್ರು, ಅದು ಬ್ಯಾರೆ ಮಾತು. ನನ್ನ ಮಗಳು, ಹತ್ತು ವರ್ಷದಾಕಿ, ಬದುವಿನ ಮ್ಯಾಲೆ ಕೂತು ಒಂದು ಚಿತ್ರಾ ತಗದ್ಲು. ಒಂದು ತಾಸು ಏಳಲಿಲ್ಲ.

ಅದರಾಗ ಏನಿತ್ತು ಅಂತ ಹೇಳ್ತೀನಿ, ಯಾಕಂದ್ರ ಆ ಚಿತ್ರ ಈಗ ಇಲ್ಲ.

ಎಲ್ಲಾಕಿಂತ ಮುಂದ ಒಂದು ಜೋಳದ ದಂಟು. ಅದು ಹಾಳಿಯ ಕೆಳಗಿನ ಅಂಚಿನಿಂದ ಮ್ಯಾಲಿನ ಅಂಚಿನ ತನಕ ಇತ್ತು, ತೆನಿ ಅರ್ಧಾ ಹಾಳಿ ಹೊರಗ ಹೋಗಿತ್ತು. ಅದರ ಹಿಂದ ಕಡಲಿ ಹೊಲ. ಕಡಲಿ ಸಾಲೆಲ್ಲಾ ಎಡಕ್ಕ ವಾಲಿಕೋತ ಹೋಗಿ ಹಾಳಿಯ ಎಡ ತುದಿಗೆ ಕೂಡಿದ್ವು. ಹಿಂದ ಕಪ್ಪತಗುಡ್ಡ. ಕಪ್ಪತಗುಡ್ಡ ನೋಡಿದವರಿಗೆ ಗೊತ್ತದ, ಅದೇನು ಚೂಪ ಗುಡ್ಡ ಅಲ್ಲ. ಮಲಗಿದ ದನದ ಬೆನ್ನಿನಂಗ ಉದ್ದಕ ಹಬ್ಬೇದ. ಅದರ ಮ್ಯಾಲೆ ಗಾಳಿ ಪಂಕಾ ನಿಂದರಿಸ್ಯಾರ, ಅವನ್ನ ಟಾಚಣಿಯಷ್ಟು ಸಣ್ಣಾಗಿ ಚುಚ್ಚಿದಂಗ ತಗದಿದ್ಲು. ಗುಡ್ಡದ ಎತ್ತರ ಎಷ್ಟಿತ್ತಪಾ ಅಂದ್ರ ನನ್ನ ಕಿರಿಬೆರಳಿನ ಉಗುರಿನಷ್ಟು.

ನಮ್ಮತ್ತಿಯವರು ನೋಡಿ ನಕ್ಕರು. "ಜೋಳದ ದಂಟು ಗುಡ್ಡಕ್ಕಿಂತ ದೊಡ್ಡದೇನ ಹುಚ್ಚಿ? ಸಾಲು ಯಾಕ ಸೊಟ್ಟ ಆಗ್ಯಾವ? ಹಿಂಗ ಬಿತ್ತಿದ್ರ ನಿಮ್ಮಜ್ಜ ಒಪ್ತಿದ್ರೇನು?" ಒಬ್ಬ ವೈನಿ, "ಗುಡ್ಡ ಚೂಪ ಮಾಡವಾ, ಸೂರ್ಯ ಎಲ್ಲೆ?" ಅಂದ್ರು. ಸೂರ್ಯ ನಮ್ಮ ಬೆನ್ನ ಹಿಂದ ಇದ್ದ. ಹುಡುಗಿ ಅದನ್ನ ಹೇಳಿದ್ಲು ಸೈತ. ಯಾರೂ ಕೇಳಲಿಲ್ಲ.

ಅವರನ್ನ ಬೈಲಿಕ್ಕೆ ಇದನ್ನ ಬರಿಯಾಕತ್ತಿಲ್ಲ. ಮುಂದಿನದು ಮಾಡಿದಾಕಿ ನಾನು. ಎಂಟು ದಿನ ಬಿಟ್ಟು ಒಂದು ಚಿತ್ರಸ್ಪರ್ಧಾ ಇತ್ತು, ವಿಷಯ 'ನಿಸರ್ಗ'. ಅಕಿ ಅದನ್ನ ಕೊಡ್ತೀನಿ ಅಂದ್ಲು. ನಾ ಅಡಗಿಮನಿ ಕಟ್ಟಿ ಮ್ಯಾಲೆ ಹಾಳಿ ಇಟ್ಟು, ರಬ್ಬರ್ ತಗೊಂಡು, "ಇಷ್ಟ ಸ್ವಲ್ಪ ನೆಟ್ಟಗ ಮಾಡೂಣು" ಅಂತ ದಂಟು ಅಳಿಸಿದೆ. ಆಮ್ಯಾಲೆ ಸಾಲು. ಆಮ್ಯಾಲೆ ಗುಡ್ಡ. ಅದರ ಜಾಗಾದಾಗ ನಮ್ಮವ್ವ ಕಲಿಸಿದ ಎರಡು ಗುಡ್ಡ ಇಟ್ಟು, ನಡುವ ಸೂರ್ಯನ್ನ ಕೂಡಿಸಿದೆ. ಹುಡುಗಿ ಬಾಜೂಕ ನಿಂತಿದ್ಲು, ಒಂದೂ ಮಾತಾಡಲಿಲ್ಲ. ಬಣ್ಣ ಅಕೀನ ತುಂಬಿದ್ಲು. ಮೂರನೇ ಬಹುಮಾನ ಬಂತು, ಒಂದು ಸ್ಟೀಲಿನ ಡಬ್ಬಿ. ಅದರಾಗ ನಾ ಜೀರಿಗಿ ಹಾಕಿ ಇಟ್ಟೇನಿ. ಆಕಿ ಆ ಡಬ್ಬಿ ಮುಟ್ಟಂಗಿಲ್ಲ, ಜೀರಿಗಿ ಕೊಡು ಅಂದ್ರ ನೀನ ತಗೋ ಅಂತಾಳ. ಅವತ್ತಿನಿಂದ ಎರಡು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ. ಯಾಕವಾ ಅಂದ್ರ, "ನನಗ ಚಿತ್ರಾ ಬರಂಗಿಲ್ಲ."

ಈ ಮಾತು ಎಲ್ಲೆ ಕೇಳೇನಿ ಅಂತ ನೆನಸಿಕೊಂಡೆ. ನಿಮ್ಮೆಲ್ಲಾರ ಬಾಯಾಗ ಕೇಳೇನಿ. 21 ಚುಕ್ಕಿ ರಂಗೋಲಿ ಒಂದೂ ಎಳಿ ತಪ್ಪದ ಹಾಕೂ ವೈನಿ ಅಂತಾರ. ಕಸೂತಿಯೊಳಗ ತೇರು, ಗೋಪುರ, ಆನಿ ಎಣಿಸಿ ಎಣಿಸಿ ತಗಿಯೂ ನಮ್ಮ ಮಾವಶಿ ಅಂತಾಳ. ನಾನೂ ಅಂತೀನಿ. ಯಾವಾಗಿಂದ ಅಂತೀವಿ ಕೇಳಿದ್ರ ಎಲ್ಲಾರೂ ಐದನೇತ್ತಾ, ಆರನೇತ್ತಾ ಅಂತಾರ. ಅಂದ್ರ ಹತ್ತು ಹನ್ನೊಂದು ವರ್ಷ. ಅದಕ್ಕಿಂತ ಸಣ್ಣವಿದ್ದಾಗ ಮಕ್ಕಳಿಗೆ ತಮ್ಮ ಚಿತ್ರದ ಬಗ್ಗೆ ಏನೂ ಸಂಶಯ ಇರಂಗಿಲ್ಲ. ಕೆಳಗ ಒಂದು ಹಸರ ಪಟ್ಟಿ ನೆಲ, ಮ್ಯಾಲೆ ಒಂದು ನೀಲಿ ಪಟ್ಟಿ ಮುಗಲು, ನಡುವ ಬಿಳೇದು ಗಾಳಿ. ಎಲ್ಲಾರೂ ನೆಲದ ಗೆರಿ ಮ್ಯಾಲೆ ಸಾಲಾಗಿ ನಿಂತಿರ್ತಾರ. ಹತ್ತು ವರ್ಷ ಆಗೂದರಾಗ ಕಣ್ಣು ಬಲೀತದ, ಕೈ ಬಲಿಯಂಗಿಲ್ಲ. ತಾವು ತಗದದ್ದು ತಾವು ನೋಡಿಧಂಗ ಇಲ್ಲ ಅಂತ ತಮಗ ಗೊತ್ತಾಗ್ತದ. ದೂರಿಂದು ದೂರ ಕಾಣವಲ್ತು, ರಸ್ತೆ ಮಲಗವಲ್ತು, ಗ್ವಾಡಿಯಂಗ ಎದ್ದು ನಿಂತದ. ಆ ಹೊತ್ತಿನಾಗ ಯಾರರೆ ಬಂದು "ಬಾ, ಹೆಂಗ ನೋಡೂದು ತೋರಸ್ತೀನಿ" ಅಂದ್ರ ಅವು ಉಳೀತಾವ. ಯಾರೂ ಬರಂಗಿಲ್ಲ. ನಾವು ಎರಡು ಗುಡ್ಡ ಹಿಡಕೊಂಡು ಬರ್ತೀವಿ.

ಅಕಿ ತಗದ ಚಿತ್ರದಾಗ ತಪ್ಪು ಇರಲಿಲ್ಲ ಅಂತ ನನಗ ಆಮ್ಯಾಲೆ ತಿಳೀತು. ನಾ ನಡುಬೇಸಿಗಿಯಾಗ ಕೂತು ಪರ್ಸ್ಪೆಕ್ಟಿವ್ ಅಂದ್ರ ಏನು ಅಂತ ಓದಿದೆ, ಓದಿದ್ದಕ್ಕಿಂತ ಹೆಚ್ಚು ಮನ್ಯಾಗ ಮಾಡಿ ನೋಡಿದೆ. ಹೆಸರು ಕೇಳಿ ಅಂಜಬ್ಯಾಡ್ರಿ. ನಾವು ದಿನಾ ಒಲಿ ಮುಂದ ಮಾಡೂದ ಅದು.

ಹಂಚಿನ ಮ್ಯಾಲೆ ರೊಟ್ಟಿ ಹಾಕ್ರಿ. ನಿಂತು ಬಗ್ಗಿ ಸೀದಾ ಮ್ಯಾಲಿಂದ ನೋಡಿದ್ರ ಚಂದ್ರನಂಗ ದುಂಡಗ. ಎರಡು ಹೆಜ್ಜಿ ಹಿಂದ ಸರದು ನೋಡ್ರಿ, ಮೊಟ್ಟಿ ಆಕಾರ ಆತು. ಕಟ್ಟಿಗೆ ಗದ್ದ ಹಚ್ಚಿ ಹಂಚಿನ ಮಟ್ಟಕ್ಕ ಕಣ್ಣು ತಂದ್ರ ಬರೇ ಒಂದು ಗೆರಿ. ರೊಟ್ಟಿ ಬದಲಾಗಿಲ್ಲ, ನೀವು ಎಲ್ಲೆ ಇದ್ದೀರಿ ಅನ್ನೂದು ಬದಲಾತು. ಬಾವಿ ತಗಿಯೂ ಹುಡುಗರು ಬಾವಿ ಬಾಯಿ ಪೂರಾ ದುಂಡಗ ಮಾಡಿ ಕೆಳಗ ಕಟ್ಟಿ ಸೀದಾ ಗೆರಿ ಎಳೀತಾರಲ್ಲ, ಅಲ್ಲೆ ಅವರು ಒಂದ ಹೊತ್ತಿನಾಗ ಬಾವಿ ಮ್ಯಾಲೂ ಇದ್ದಾರ, ಮುಂದೂ ಇದ್ದಾರ. ಅದಕ್ಕ ಆ ಬಾವಿಯಾಗ ನೀರು ಸೇದಲಿಕ್ಕೆ ಆಗಂಗಿಲ್ಲ.

ಮದುವಿ ಪಂಕ್ತಿಯಾಗ ತುದಿಗೆ ಕೂತಾಗ ಸಾಲು ತಾಟು ನೋಡ್ರಿ. ನಿಮ್ಮ ಮುಂದಿನ ತಾಟು ಸುಮಾರು ದುಂಡಗ, ಅದರ ಆಚೀದು ಸ್ವಲ್ಪ ಚಪ್ಪಟಿ, ಹತ್ತನೇದು ಬರೇ ಹೊಳಿಯೂ ಒಂದು ಎಳಿ. ದೂರ ಹೋದಂಗ ತಾಟು ಸಣ್ಣ ಅಷ್ಟ ಆಗಂಗಿಲ್ಲ, ಚಪ್ಪಟಿನೂ ಆಗ್ತಾವ. ಕೆರಿ ತಗಿಯೂ ಮುಂದ ಇದ ಮರತಿರ್ತೀವಿ. ಎದುರಿಗೆ ಅಷ್ಟು ದೊಡ್ಡ ಕೆರಿ ಇದ್ರೂ ಬದುವಿನ ಮ್ಯಾಲೆ ನಿಂತವರ ಕಣ್ಣಿಗೆ ಅದು ಒಂದು ತೆಳ್ಳಗಿನ ಪಟ್ಟಿ. ನಾವು ತಗಿಯೂದು ಮಾತ್ರ ಹಾಳಿ ತುಂಬ ಕವಚಿಟ್ಟ ಪರಾತ.

ಇನ್ನ ಮುಗಲು ನೆಲ ಕೂಡೂ ಗೆರಿ. ನನಗ ಎಲ್ಲಾಕಿಂತ ಸೋಜಿಗ ಅನಿಸಿದ್ದು ಇದು, ಹಿಂಗಾಗಿ ಸ್ವಲ್ಪ ಉದ್ದ ಹೇಳ್ತೀನಿ. ಆ ಗೆರಿ ಹಾಳಿ ಮ್ಯಾಲೆ ಎಲ್ಲೆ ಬೇಕಾದಲ್ಲೆ ಎಳಿಯೂದಲ್ಲ. ಅದು ಯಾವತ್ತೂ ನೋಡೂವರ ಕಣ್ಣಿನ ಮಟ್ಟಕ್ಕ ಇರ್ತದ. ನೀವು ನಿಂತ್ರ ಅದೂ ನಿಂದರ್ತದ, ಕೂತ್ರ ಅದೂ ಕೂಡ್ತದ, ಮಾಳಗಿ ಏರಿದ್ರ ಅದೂ ಏರ್ತದ. ಸಮತಟ್ಟು ಬೆಳವಲದ ಹೊಲದಾಗ ಪರೀಕ್ಷಾ ಮಾಡ್ರಿ. ನಿಮ್ಮಷ್ಟ ಎತ್ತರದ ಹೆಂಗಸರು ಹೊಲದ ತುಂಬ ಕಳೆ ತಗೀಲಿಕ್ಕೆ ಬಂದು ನಿಂತಾರ ಅಂತ ಇಟ್ಕೋರಿ. ಒಬ್ಬಾಕಿ ಹತ್ತು ಹೆಜ್ಜಿ ದೂರ, ಇನ್ನೊಬ್ಬಾಕಿ ನೂರು ಹೆಜ್ಜಿ ದೂರ, ಮತ್ತೊಬ್ಬಾಕಿ ಹೊಲದ ಆ ಕಡೆ ಅಂಚಿಗೆ. ಮೂರೂ ಮಂದಿ ಕಣ್ಣು ಒಂದ ಗೆರಿ ಮ್ಯಾಲೆ ಬರ್ತಾವ, ದಾರ ಹಿಡಿದು ಅಳದಂಗ. ಕಾಲು ಮಾತ್ರ ಬ್ಯಾರೆ ಬ್ಯಾರೆ. ಹತ್ತರದಾಕಿ ಕಾಲು ಹಾಳಿ ಕೆಳಗ, ದೂರಿನಾಕಿ ಕಾಲು ಗೆರಿ ಹತ್ತರ. ಅದನ್ನ ನೀವು ಕೂತು ನೋಡಿದ್ರ ಆ ಗೆರಿ ಮೂರೂ ಮಂದಿಯ ಟೊಂಕದ ಹಂತ್ಯಾಕ ಹಾಯ್ದು ಹೋಗ್ತದ. ನಾ ಇದನ್ನ ಹೊಲದಾಗ ನಮ್ಮ ನೆಗೆಣ್ಣಿಯನ್ನ ನಿಲ್ಲಿಸಿ, ಎದ್ದು ಕೂತು, ಕೂತು ಎದ್ದು ನೋಡಿದೆ. ಅಕಿ ನನಗ ಬಿಸಲು ಹತ್ತೇದ ಅಂದ್ಲು.

ಆ ಗೆರಿ ಎಷ್ಟು ದೂರ ಅದ ಗೊತ್ತೇನು? ಬಯಲಾಗ ನಿಂತ ಹೆಂಗಸಿಗೆ 4 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟ. ಭೂಮಿ ದುಂಡಗ ಇರೂದರಿಂದ ಅದರಾಚೆ ನೆಲ ಬಾಗಿ ಇಳದು ಹೋಗ್ತದ. ಗುಡ್ಡ ಎತ್ತರ ಇರೂದಕ್ಕ ಅದರಾಚೆ ಇದ್ರೂ ತಲಿ ಕಾಣಸ್ತದ. ಹಿಂಗಾಗಿ ದೂರಿನ ಗುಡ್ಡ ಗೆರಿ ಮ್ಯಾಲೆ ಕೂತಂಗ, ಬುಡ ಮುಳುಗಿಧಂಗ ಇರ್ತದ. ಕಿರಿಬೆರಳಿನ ಉಗುರಿನಷ್ಟು. ಹುಡುಗಿ ಹಂಗ ತಗದಿದ್ಲು.

ಸೊಟ್ಟ ಸಾಲಿನ ಮಾತೂ ಮುಗಿಸಿಬಿಡ್ತೀನಿ. ಕೂರಿಗಿ ಹೊಡದ ಸಾಲು ಒಂದಕ್ಕೊಂದು ಎಲ್ಲೂ ಕೂಡಂಗಿಲ್ಲ, ಆದ್ರ ಕಣ್ಣಿಗೆ ಎಲ್ಲಾ ಹೋಗಿ ಗೆರಿ ಮ್ಯಾಲೆ ಒಂದು ಚುಕ್ಕಿಯಾಗ ಕೂಡತಾವ. ರೈಲ್ವೆ ಹಳಿ ನೋಡಿದವರಿಗೆ ಇದು ಗೊತ್ತು. ಆ ಚುಕ್ಕಿ ಎಲ್ಲದ? ಸಾಲು ಯಾವ ದಿಕ್ಕಿಗೆ ಓಡ್ಯಾವೋ ಆ ದಿಕ್ಕಿಗೆ, ಹಾಳಿ ನಡುವನ ಇರಬೇಕಂತ ಏನಿಲ್ಲ. ಅಕಿ ಬದುವಿನ ಮ್ಯಾಲೆ ಕೂತು ಬಲಕ್ಕ, ಗುಡ್ಡದ ಕಡೆ ಮಾರಿ ಮಾಡಿದ್ಲು. ಅಂದಮ್ಯಾಲೆ ಸಾಲಿನ ಚುಕ್ಕಿ ಅಕಿಯ ಎಡಗಡೆಗೆ ಹೋತು. ಸಾಲು ಎಲ್ಲಾ ಎಡಕ್ಕ ವಾಲಲೇಬೇಕು. ನಮ್ಮತ್ತಿಯವರು ಸೊಟ್ಟ ಅಂದದ್ದು, ನಾ ಅಳಿಸಿದ್ದು, ಖರೇ ಗೆರಿನ. ನೆಟ್ಟಗ ನಿಂದರಿಸಿದ್ದ ಸುಳ್ಳ ಗೆರಿ.

ಅಳತಿ ಹೆಂಗ ಮಾಡೂದು ಅಂದ್ರ ನಮ್ಮ ಲಟ್ಟಣಿಗಿ ಸಾಕು. ಒಂದು ಕಣ್ಣು ಮುಚ್ಚಿ, ಕೈ ಪೂರಾ ಚಾಚಿ, ಲಟ್ಟಣಿಗಿ ನೆಟ್ಟಗ ಹಿಡಿದು ಅದರ ತುದಿಯಿಂದ ಹೆಬ್ಬೆರಳಿನ ತನಕ ಎದುರಿನ ಗಿಡ ಎಷ್ಟು ಬರ್ತದ ನೋಡ್ರಿ, ಆಮ್ಯಾಲೆ ಅದ ಅಳತಿಯಾಗ ಹಿಂದಿನ ಮನಿ ನೋಡ್ರಿ. ಚಿತ್ರಗಾರರು ಪೆನ್ಸಿಲಿಂದ ಮಾಡ್ತಾರ. ಕೈ ಮಡಚಬಾರದು ಅಷ್ಟ, ಮಡಚಿದ್ರ ಅಳತಿ ಕೆಡ್ತದ. ಲೈಟಿನ ಕಂಬದ ಲೆಕ್ಕ ಇನ್ನೂ ಸುಲಭ. ಎರಡು ಪಟ್ಟು ದೂರ ಇರೂ ಕಂಬ ಅರ್ಧ ಎತ್ತರ ಕಾಣಸ್ತದ, ಮೂರು ಪಟ್ಟು ದೂರಿಂದು ಮೂರನೇ ಒಂದು ಪಾಲು. ನಡುವಿನ ಸಂದು? ಮೊದಲನೇ ಕಂಬದ ತುದಿಯಿಂದ ಎರಡನೇ ಕಂಬದ ನಟ್ಟನಡುವ ಹಾಯೂಹಂಗ ಒಂದು ಗೆರಿ ಎಳೀರಿ, ಅದು ನೆಲಕ್ಕ ಎಲ್ಲೆ ಬಡೀತದೋ ಅಲ್ಲೆ ಮೂರನೇ ಕಂಬ. ನನ್ನ ಮಗಳಿಗೆ ಇದನ್ನ ತೋರಿಸಿದಾಗ ಅಕಿ ಮಾರಿ ನೋಡಬೇಕಿತ್ತು ನೀವು. ಶಂಕರಪಾಳಿ ಡಬ್ಬಿ ತಗದಂಗ ಅರಳ್ತು.

ಬಣ್ಣದ ಮಾತು ಸಣ್ಣದು, ಆದ್ರ ನಾವು ಎಲ್ಲಾಕಿಂತ ಹೆಚ್ಚು ತಪ್ಪೂದು ಅಲ್ಲೆ. ಡಬ್ಬಿಯಾಗಿನ ಕಡುಹಸರ ತಗೊಂಡು ಮುಂದಿನ ಹುಲ್ಲಿಗೂ ಅದ, ಹಿಂದಿನ ಗುಡ್ಡಕ್ಕೂ ಅದ ಬಳೀತೀವಿ. ಗುಡ್ಡ ಎದ್ದು ಮೂಗಿಗೆ ಬಡೀತದ. ನಡುವಿನ ಗಾಳಿ ಸುಮ್ಮನ ಇರಂಗಿಲ್ಲ ನೋಡ್ರಿ, ಬೆಳಕು ಚದರಿಸ್ತದ. ದೂರ ಹೋದಂಗ ಹಸರ ಮಾಸಿ ನೀಲಿಗೆ ತಿರಗ್ತದ, ಕಪ್ಪು ಕಪ್ಪಾಗಿ ಉಳಿಯಂಗಿಲ್ಲ, ಅಂಚು ಮೆತ್ತಗ ಆಗ್ತದ. ಬ್ಯಾಸಿಗಿಯಾಗ ನಮ್ಮ ಕಡೆ ಧೂಳಿಗೆ ಅದು ನೀಲಿಗಿಂತ ಬೂದಿ ಬಣ್ಣ ಅನಸ್ತದ, ಮಳಿ ಬಿದ್ದ ಮರುದಿನ ಗುಡ್ಡ ಮತ್ತ ಹತ್ತರ ಬಂದಂಗ ಆಗ್ತದ. ಡಬ್ಬಿಯ ಹಸರಿಗೆ ಸ್ವಲ್ಪ ಬಿಳಿ, ಸ್ವಲ್ಪ ನೀಲಿ ಕೂಡಿಸಿದ್ರ ಸಾಕು, ಗುಡ್ಡ ತನ್ನ ಜಾಗಾಕ್ಕ ಹೋಗಿ ಕೂಡ್ತದ.

ಈಗ ನಿಮ್ಮ ತಕರಾರು. ಬರೀಲಿಕ್ಕೆ ಕೂಡೂಕಿಂತ ಮೊದಲ ನಾಕು ಮಂದಿ ಕಡೆ ಜಗಳಾಡಿ ಬಂದೇನಿ, ಹಿಂಗಾಗಿ ಎಲ್ಲಾ ನನಗ ಬಾಯಿಪಾಠ.

ಮೊದಲನೇದು ನಮ್ಮ ಮಾವಶಿದು. "ಇದು ಹೊರಗಿನವರ ವಿದ್ಯಾ, ನಮಗ ಯಾಕ? ನಮ್ಮ ಕಸೂತಿಯಾಗ ದೂರ ಹತ್ತರ ಎಲ್ಲದ? ಚಂದ ಇಲ್ಲೇನು?" ಹೊರಗಿಂದು ಅನ್ನೂದು ಅರ್ಧಾ ಖರೇ. ಲೆಕ್ಕಾ ಹಾಕಿ ಗೆರಿ ಕೂಡಿಸೂ ಪದ್ಧತಿ ಸುಮಾರು 600 ವರ್ಷದ ಹಿಂದ ಇಟಲಿಯ ಫ್ಲಾರೆನ್ಸ್ ಊರಾಗ ಕಂಡುಹಿಡದದ್ದು. ಬ್ರುನೆಲೆಸ್ಕಿ ಅನ್ನೂ ಕಟ್ಟಡ ಕಟ್ಟೂವ ಅಲ್ಲಿನ ಚರ್ಚಿನ ಬಾಗಲದಾಗ ನಿಂತು ಎದುರಿನ ಕಟ್ಟಡದ ಚಿತ್ರಾ ಒಂದು ಹಲಗಿ ಮ್ಯಾಲೆ ತಗದು, ಹಲಗಿಗೆ ಒಂದು ತೂತು ಮಾಡಿದ. ಹಲಗಿ ಹಿಂದಿನಿಂದ ತೂತಿನಾಗ ಕಣ್ಣಿಟ್ಟು ಮುಂದ ಹಿಡದ ಕನ್ನಡಿಯಾಗ ನೋಡಿದ್ರ ಚಿತ್ರ ಯಾವುದು, ಖರೇ ಕಟ್ಟಡ ಯಾವುದು ತಿಳೀತಿರಲಿಲ್ಲಂತ. 1435ರಾಗ ಆಲ್ಬೆರ್ತಿ ಅನ್ನಾಂವ ಅದನ್ನ ಪುಸ್ತಕಾ ಮಾಡಿ ಬರದ. ಆದ್ರ ದೂರಿಂದು ಸಣ್ಣ ಕಾಣೂದನ್ನ ಯಾರೂ ಇಟಲಿಯಿಂದ ಹಡಗಿನಾಗ ತರಲಿಲ್ಲ. ಜಪಾನಿನ ಹೊಕುಸಾಯಿಯ ದೊಡ್ಡ ತೆರಿಯ ಚಿತ್ರ ನೀವೆಲ್ಲಾ ಚಾದ ಕಪ್ಪಿನ ಮ್ಯಾಲೆ, ಮೊಬೈಲ್ ಕವರಿನ ಮ್ಯಾಲೆ ನೋಡೀರಿ. ಆ ತೆರಿ ಕೆಳಗ ಒಂದು ಸಣ್ಣ ಮೂರುಮೂಲಿ ಕಾಣಸ್ತದಲ್ಲ, ಅದು ಫ್ಯೂಜಿ ಪರ್ವತ, ಇಡೀ ಜಪಾನಿನಾಗ ಅದಕ್ಕಿಂತ ಎತ್ತರದ್ದು ಇಲ್ಲ. ಮುಂದಿನ ನೀರು ದೊಡ್ಡದು, ಹಿಂದಿನ ಪರ್ವತ ಸಣ್ಣದು. ಜೋಳದ ದಂಟು ಗುಡ್ಡಕ್ಕಿಂತ ದೊಡ್ಡದೇನ ಅಂತ ಅವಂಗ ಯಾರೂ ಕೇಳಲಿಲ್ಲ.

ಇನ್ನ ಕಸೂತಿ. ಮಾವಶಿ, ನಿನ್ನ ಕಸೂತಿ ಮುಂದ ನಾ ಕೈ ಮುಗೀತೀನಿ. ಗವಂತಿ, ಮುರಗಿ, ನೇಯ್ಗಿ, ಹೆಂತಿ, ಎಲ್ಲಾ ಹೊಲಿಗಿ ಅರವಿಯ ಎಳಿ ಎಣಿಸಿ ನಡಿಯೂದು. ಅಲ್ಲೆ ತುಳಸಿಕಟ್ಟಿ ನೀ ನಿಂತು ನೋಡಿದ ತುಳಸಿಕಟ್ಟಿ ಅಲ್ಲ, ಎಲ್ಲಾ ತುಳಸಿಕಟ್ಟಿಗೂ ಗುರುತು. ಹಂಪಿ ವಿರೂಪಾಕ್ಷನ ಗುಡಿ ಮಾಳಗಿಯಾಗ ಪಲ್ಲಕ್ಕಿ ಮೆರವಣಿಗಿ ಚಿತ್ರ ಅದ, ಮಂದಿ ಒಬ್ಬರ ಹಿಂದ ಒಬ್ಬರು ಸಾಲಾಗಿ ಹೊಂಟಾರ, ದೂರ ಹತ್ತರ ಇಲ್ಲ. ಅದೂ ತಪ್ಪಲ್ಲ. ಮೆರವಣಿಗಿಯಾಗ ಯಾರು ಯಾರು ಇದ್ರು, ಹೆಂಗ ಹೊಂಟ್ರು ಅಂತ ಹೇಳೂ ಚಿತ್ರ ಅದು. 'ನಾ ಇಲ್ಲೆ ಕೂತಿದ್ದೆ, ನನಗ ಹಿಂಗ ಕಾಣಿಸ್ತು' ಅಂತ ಹೇಳಲಿಕ್ಕೆ ಹೊಂಟ ಮಗಳ ಚಿತ್ರ ಬ್ಯಾರೆ. ನಿನ್ನ ಕಸೂತಿಗೆ ಒಂದು ಶಿಸ್ತದ, ಹಂಪಿ ಚಿತ್ರಕ್ಕೂ ಒಂದು ಶಿಸ್ತದ. ಎರಡು ಗುಡ್ಡ ನಡುವ ಸೂರ್ಯನ ಚಿತ್ರಕ್ಕ ಯಾವ ಶಿಸ್ತದ ಹೇಳು. ಅದು ನಮ್ಮದೂ ಅಲ್ಲ, ಹೊರಗಿಂದೂ ಅಲ್ಲ, ನೋಡಿದ್ದೂ ಅಲ್ಲ.

ಎರಡನೇ ತಕರಾರು ಬಾಜೂ ಮನಿಯವರದು. "ನಮ್ಮ ಹುಡುಗನ್ನ ಕ್ಲಾಸಿಗೆ ಹಾಕೇವಿ, ಅಲ್ಲೆ ಪರ್ಸ್ಪೆಕ್ಟಿವ್ ಕಲಸ್ತಾರ." ಹುಡುಗನ ಹಾಳಿ ನೋಡಿದೆ. ನಟ್ಟನಡುವ ಒಂದು ಚುಕ್ಕಿ, ಅಲ್ಲಿಂದ ಪಟ್ಟಿ ಹಿಡಿದು ಎಳದ ರಸ್ತೆ, ಎರಡೂ ಕಡೆ ಗಿಡ, ಎರಡೂ ಕಡೆ ಕಂಬ, ಕೊನಿಗೆ ಅದ ಸೂರ್ಯ. ಇಪ್ಪತ್ತು ಹುಡುಗರದೂ ಇದ ರಸ್ತೆ. ಎಲ್ಲಾ ಗೆರಿ ಖರೇ ಅವ, ರಸ್ತೆ ಮಾತ್ರ ಯಾವ ಊರಿಗೂ ಹೋಗಂಗಿಲ್ಲ. ಎರಡು ಗುಡ್ಡದ ಜಾಗಾದಾಗ ಒಂದು ರಸ್ತೆ ಬಂತು, ಅಷ್ಟ ಆದದ್ದು. ಆ ಹುಡುಗನ್ನ ಕರಕೊಂಡು ನಮ್ಮ ಓಣಿ ತುದಿಗೆ ನಿಂತು "ಇದನ್ನ ತಗಿ" ಅಂದೆ. ಓಣಿ ಏರಿ ಅದ, ನಿಮಗ ಗೊತ್ತದ. ಏರು ರಸ್ತೆಯ ಗೆರಿ ಕಣ್ಣಿನ ಮಟ್ಟದ ಗೆರಿಗೆ ಕೂಡಂಗಿಲ್ಲ, ಅದರ ಮ್ಯಾಲೆ ಹೋಗಿ ಕೂಡತಾವ. ಮನಿಗೋಳ ಕಿಡಕಿ ಸಾಲು, ಪಾಯದ ಗೆರಿ ಮಾತ್ರ ಕಣ್ಣಿನ ಮಟ್ಟಕ್ಕ ಬರ್ತಾವ. ಅವನ ಪಟ್ಟಿಯಾಗ ಅದು ಇರಲಿಲ್ಲ. ಪಾಪ, ಅತ್ತುಬಿಟ್ಟ. ಅವಂಗ ಉತ್ತರ ಕೊಟ್ಟಾರ, ಪ್ರಶ್ನಿ ಕೊಟ್ಟಿಲ್ಲ. ಮೊದಲ ರಸ್ತೆ ಗ್ವಾಡಿಯಂಗ ಎದ್ದು ನಿಂದರಬೇಕು, ಹುಡುಗಗ ಸಿಟ್ಟು ಬರಬೇಕು, "ಯಾಕ ಮಲಗವಲ್ತು ಇದು?" ಅಂತ ಕೇಳಬೇಕು. ಆವಾಗ ಚುಕ್ಕಿ ತೋರಸ್ರಿ.

ಮೂರನೇದು ಎಲ್ಲಾರೂ ಅನ್ನೂದು: ಸಣ್ಣ ಮಕ್ಕಳಿಗೆ ಇದೆಲ್ಲಾ ಯಾಕ, ಖುಷಿಯಿಂದ ತಗೀಲಿ ಬಿಡ್ರಿ. ಇದನ್ನ ನಾ ಒಪ್ತೀನಿ, ಪೂರಾ ಒಪ್ತೀನಿ. ಏಳೆಂಟು ವರ್ಷದ ತನಕ ಅವರ ತಂಟೆಗೆ ಹೋಗಬಾರದು. ಸೂರ್ಯಗ ಮೀಸಿ ಇಡ್ಲಿ, ಅಜ್ಜಿ ಮನಿಗಿಂತ ಎತ್ತರ ಇರ್ಲಿ. ಆದ್ರ ಬಿಡ್ರಿ ಅಂತ ಹೇಳೂ ಬಾಯಿನ "ಗುಡ್ಡ ಎಲ್ಲೆ, ನದಿ ಎಲ್ಲೆ" ಅಂತ ಕೇಳ್ತದ. ಖುಷಿಯಿಂದ ತಗೀಲಿಕ್ಕೆ ಬಿಟ್ಟವರು ನಮ್ಮಾಗ ಯಾರಿದ್ದಾರ ಹೇಳ್ರಿ? ಬೆಳವಲದ ಹುಡುಗರು ಹಿಮಾ ಹಚ್ಚಿದ ಗುಡ್ಡ ತಗೀತಾವ. ತೆಂಗು ಬೆಳೀದ ಊರಾಗ ತೆಂಗಿನ ಗಿಡ ತಗೀತಾವ. ಮನಿ ಮುಂದಿನ ಬೇವಿನ ಗಿಡ ಹೆಂಗದ ಅಂದ್ರ ಬಾಯಿ ಬಾಯಿ ಬಿಡ್ತಾವ.

ನಮ್ಮ ಸೀಮಿಗೆ ಚಿತ್ರದ ಹೆಸರು ಸಣ್ಣದಲ್ಲ. ಧಾರವಾಡದಾಗ ಹಾಲಭಾವಿಯವರು ಚಿತ್ರಶಾಲಿ ಕಟ್ಟಿದ್ರು, ಗದಗಿನಾಗ ಟಿ.ಪಿ. ಅಕ್ಕಿಯವರು ಕಟ್ಟಿದ್ರು. ಕಪ್ಪತಗುಡ್ಡಕ್ಕ ಗಣಿ ಬ್ಯಾಡ ಅಂತ ನಮ್ಮ ಮಂದಿ ಬೀದಿಗಿಳದು ಹೋರಾಡಿದ್ರು, 2019ರಾಗ ಅದನ್ನ ವನ್ಯಜೀವಿಧಾಮ ಅಂತ ಸಾರಿದ್ರು. ಅಂಥಾ ಗುಡ್ಡ ಎದುರಿಗೆ ಕೂತಿರಲಿಕ್ಕೆ ನಾ ಅದನ್ನ ಅಳಿಸಿ ಯಾವುದೋ ಇಲ್ಲದ ಗುಡ್ಡ ತಂದಿಟ್ಟೆ. ಅದಕ್ಕ ಬಹುಮಾನಾನೂ ಬಂತು.

ಹುಡುಗಿಗೆ ತಪ್ಪಾತು ಅಂತ ಹೇಳಿದೆ. ಅಕಿ "ಇರ್ಲಿ ಬಿಡು" ಅಂದ್ಲು, ನಮ್ಮವ್ವ ಅಂದಂಗನ. ಆ ಮಾತು ಕೇಳಿ ನನಗ ಇನ್ನೂ ಕಸಿವಿಸಿ ಆತು. ಹತ್ತು ವರ್ಷದಾಕಿ ಇರ್ಲಿ ಬಿಡು ಅನ್ನಬಾರದು.

ಆಮ್ಯಾಲೆ ನಾ ಏನೂ ಹೇಳಲಿಕ್ಕೆ ಹೋಗಲಿಲ್ಲ. ರೊಟ್ಟಿ ಮಾಡೂ ಮುಂದ ಕರದು ಹಂಚಿನ ಮಟ್ಟಕ್ಕ ಕಣ್ಣಿಡು ಅಂದೆ. ಒಂದು ದಿನ ಲಟ್ಟಣಿಗಿ ಕೊಟ್ಟೆ. ಕಂಬದ ಲೆಕ್ಕಾ ತೋರಿಸಿದೆ. ಸೂಟಿಯಾಗ ಒಂದು ಸಂಜಿಗೆ ಅಕೀನ ಹಾಳಿ ತಗೊಂಡು ಮಾಳಗಿ ಮ್ಯಾಲೆ ಹೋದ್ಲು. ನಾ ಅರವಿ ಒಣಗಹಾಕಲಿಕ್ಕೆ ಬುಟ್ಟಿ ಹೊತ್ತು ಹಿಂದ ಹೋದೆ. ಅಕಿ ಮೂಲ್ಯಾಗ ನೆಲಕ್ಕ ಕೂತಿದ್ಲು, ಎದುರಿಗೆ ನೀರಿನ ಟಾಕಿ, ಡಿಶ್ಶಿನ ಕೊಡಿ, ಆಚೆ ಮನಿಗೋಳ ತಗಡು, ಅದರಾಚೆ ಗಿಡದ ತಲಿ, ತೆಳ್ಳಗಿನ ಬೂದಿ ಗೆರಿ. ನಾ ತಂತಿಗೆ ಸೀರಿ ಹಾಕ್ಲಿಕ್ಕೆ ಬಗ್ಗಿದೆ.

"ಅವ್ವಾ, ಹಂಗ ನಿಂದ್ರು. ಅಲುಗಾಡಬ್ಯಾಡ. ನೀ ಎದ್ರ ನಿನ್ನ ತಲಿ ಗೆರಿ ದಾಟಿ ಮ್ಯಾಲೆ ಹೋಗ್ತದ, ನಾ ಅದನ್ನ ತಗದಾಗೇದ."

ಅರ್ಧಾ ಬಗ್ಗಿ ಎಷ್ಟೊತ್ತು ನಿಂತೆನೋ, ಟೊಂಕ ಹಿಡಕೊಂಡುಬಿಡ್ತು. ಬುಟ್ಟಿಯಾಗಿನ ಅರವಿ ಹಂಗ ಹಸಿ ಉಳದ್ವು. ರಬ್ಬರ್ ನನ್ನ ಕಡೆನ ಅದ, ಹೊಲಿಗಿ ಮಷೀನಿನ ಡ್ರಾವರಿನಾಗ. ಕೇಳಿದ್ರ ಕೊಡಬೇಕು ಅಂತ ಇದ್ದೇನಿ. ಇನ್ನೂ ಕೇಳಿಲ್ಲ.